ಉಸಿರಿನ ಸರದಿ

ಮಾರ್ಚ್ 3, ಸೋಮವಾರ

ಬಾಯಿಗೆ ಬೀಗ ಬಿತ್ತು. ಗಂಟಲಿನ ಡಾಕ್ಟರು ಸಣ್ಣ ಕನ್ನಡಿಯೊಂದನ್ನು ಬಾಯೊಳಗೆ ತೂರಿಸಿ, ಅತ್ತಿತ್ತ ತಿರುಗಿಸಿ ನೋಡಿ, ದನಿಯ ತಂತುಗಳ ಮೇಲೆ ಗಂಟು ಎದ್ದಿದೆ ಎಂದರು. ಏಪ್ರಿಲ್ ಮುಗಿಯುವ ತನಕ ಹಾಡುವಂತಿಲ್ಲ, ಮಾತಾಡುವಂತಿಲ್ಲ, ಪಿಸುಗುಟ್ಟುವುದಂತೂ ಕೂಡದೇ ಕೂಡದು. ಪಿಸುಮಾತು ಜೋರು ಮಾತಿಗಿಂತ ಕೆಟ್ಟದ್ದಂತೆ.

ದಾರಿಯುದ್ದಕ್ಕೂ ನಮ್ಮವರು ಗಂಭೀರವಾಗಿದ್ದರು. ಬಸ್ ಓಡಿಸುವವರು, ರಸ್ತೆಯ ಮೇಲೆ ಮಾತು ಕಡಿಮೆ. ಮನೆ ಬಾಗಿಲು ತೆಗೆಯುತ್ತ, "ಮದುವೆಯಾದ ಮೇಲೆ ಇವತ್ತೇ ನೋಡು, ನಾನು ಶುರು ಮಾಡಿದ ಮಾತು ನಾನೇ ಮುಗಿಸಿದ್ದು" ಎಂದರು. ಕೈಚೀಲದಿಂದ ಬೆನ್ನಿಗೊಂದು ಬಿಟ್ಟೆ.

ಸಂಜೆ ಮಗಳು ಈ ಪುಸ್ತಕ ತಂದುಕೊಟ್ಟಳು. ಮಾತೆಲ್ಲ ಒಳಗೇ ಉಳಿದರೆ ನಾನು ಸಿಡಿದು ಹೋಗುತ್ತೇನೆ ಎಂಬ ಭಯ ಅವಳಿಗೆ. ಭಯ ಸರಿಯಾದದ್ದೇ.

ಆದ್ದರಿಂದ ಬರೆಯುತ್ತೇನೆ. ನಾನು ಕೋರಸ್ ಹಾಡುವವಳು. ಸಿನಿಮಾದಲ್ಲಿ ನಾಯಕಿ ಹಾಡುತ್ತ ಏನೋ ಕೇಳಿದರೆ ಹಿಂದಿನಿಂದ "ಹೌದು ಹೌದು" ಎನ್ನುವವರು ಇರುತ್ತಾರಲ್ಲ, ಆ ಎಂಟು ಹೆಂಗಸರಲ್ಲಿ ಒಬ್ಬಳು. ಮೇಲಿನ ಸ್ವರ ನನ್ನದು. ಈ ದನಿ ಕೇಳದ ಮನೆಯಿಲ್ಲ, ಇದು ಯಾರದೆಂದು ಗೊತ್ತಿರುವ ಮನೆ ನನ್ನದೊಂದೇ. ಅದಕ್ಕೆ ಕಾರಣ ಯಾರೆಂದು ನನಗೆ ಚೆನ್ನಾಗಿ ಗೊತ್ತು. ನಮ್ಮ ಮೇಳದ ಯಜಮಾನಿ, ಎಲ್ಲರ ಬಾಯಲ್ಲಿ ದೊಡ್ಡಕ್ಕ. ನನ್ನ ದನಿ ಒಂಚೂರು ಮುಂದೆ ಬಂದರೆ ಸಾಕು, ಮೊಣಕೈಯಿಂದ ತಿವಿಯುತ್ತಾಳೆ. "ಹೊರಗೆ ಬರ್ತಿದೀಯ, ಒಳಗೆ ಹೋಗು" ಅನ್ನುತ್ತಾಳೆ. ಇಪ್ಪತ್ತು ವರ್ಷ ಒಳಗೆ ಹೋಗಿ ಹೋಗಿಯೇ ಗಂಟಾಗಿರಬೇಕು.

ಮಾರ್ಚ್ 6

ಅಂಗಡಿಯವನಿಗೆ ಕೈಸನ್ನೆಯಲ್ಲಿ ಸೋಪು ಕೇಳಿದೆ. ಅವನು ಅಷ್ಟು ದೂರ ಕೇಳುವಂತೆ ಕಿರುಚಿ ಉತ್ತರ ಕೊಟ್ಟ. ಮಾತಾಡದವರಿಗೆ ಕಿವಿಯೂ ಕೇಳುವುದಿಲ್ಲವೆಂದು ಇವನಿಗೆ ಹೇಳಿದವರಾರೋ. ತಿರುಗಿ ಎರಡು ಮಾತು ಅನ್ನಲಾಗದೆ ಚಿಲ್ಲರೆಯನ್ನು ಅವನೆದುರೇ ಎರಡು ಸಲ ಎಣಿಸಿ ಬಂದೆ.

ಮಾರ್ಚ್ 11

ದೊಡ್ಡಕ್ಕ ಮನೆಗೆ ಬಂದಿದ್ದಳು. ನನ್ನನ್ನು ನೋಡುವ ನೆಪ, ಬಂದ ಕೆಲಸ ಬೇರೆ. ಬಿಗಿಯಾಗಿ ಎಳೆದು ಕಟ್ಟಿದ ಬಿಳಿ ಕೂದಲು, ಹೆಗಲಲ್ಲಿ ಗೋಣಿಯಂಥ ಚೀಲ, ಅದರ ತುಂಬ ಕಾಗದ. ಹಾಡಿನ ಹಕ್ಕಿನ ಕಾನೂನು ಬದಲಾಗುತ್ತಿದೆಯಂತೆ.

ಅವಳು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆದಿಡುತ್ತೇನೆ. ಹಳೆಯ ಕಾನೂನು ಬರೆದಾಗ ಹಾಡು ಎಂದರೆ ಗ್ರಾಮಫೋನ್ ತಟ್ಟೆ, ಆಮೇಲೆ ಕ್ಯಾಸೆಟ್ಟು. ಅಂಗಡಿಯಲ್ಲಿ ಒಂದು ಮಾರಾಟವಾದರೆ ಹಾಡು ಮಾಡಿದವರಿಗೆ ಒಂದು ಪಾಲು. ಈಗ ಯಾರೂ ಏನನ್ನೂ ಕೊಳ್ಳುವುದಿಲ್ಲ. ಫೋನು ಒತ್ತುತ್ತಾರೆ, ಹಾಡು ಗಾಳಿಯಿಂದ ಇಳಿದು ಬರುತ್ತದೆ, ಮುಗಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮಾರಾಟವೇ ಇಲ್ಲದ ಮೇಲೆ ಪಾಲು ಎಲ್ಲಿಂದ? ಅದಕ್ಕೇ ಹೊಸ ಮಸೂದೆ. ಹಾಡನ್ನು ಒತ್ತಿದಾಗಲೆಲ್ಲ ಅದರ ಗಾಯಕರಿಗೆ ಹಕ್ಕು ಸಲ್ಲಬೇಕು ಎನ್ನುತ್ತದೆ.

ಕೇಳಲು ಚೆನ್ನಾಗಿದೆ. ಮುಳ್ಳಿರುವುದು "ಗಾಯಕ" ಎಂದರೆ ಯಾರು ಎಂದು ವಿವರಿಸುವ ಸಾಲಿನಲ್ಲಿ. "ಧ್ವನಿಮುದ್ರಣದಲ್ಲಿ ಯಾರ ದನಿಯನ್ನು ಪ್ರತ್ಯೇಕವಾಗಿ ಗುರುತಿಸಲು ಸಾಧ್ಯವೋ ಅವರು." ಅಂದರೆ ನಾವಲ್ಲ. ಈ ಸಾಲು ಹೀಗೇ ಕಾನೂನಾದರೆ ಕೋರಸ್‌ನವರು ಗಾಯಕರೇ ಅಲ್ಲ ಎಂದು ಬರೆದು ಮೊಹರು ಒತ್ತಿದ ಹಾಗೆ. ಏಪ್ರಿಲ್‌ನಲ್ಲಿ ಸದನದ ಸಮಿತಿಯೊಂದು ಎಲ್ಲರ ಮಾತು ಕೇಳುತ್ತದಂತೆ. ದೊಡ್ಡಕ್ಕ ನಮಗೂ ಸಮಯ ಕೇಳಿ ಬರೆದಿದ್ದಾಳೆ. ನೀನೂ ಬರಬೇಕು ಎಂದಳು. ಮೂಗಿಯನ್ನು ಕಟ್ಟಿಕೊಂಡು ಏನು ಮಾಡುತ್ತಾಳೋ.

ಮಾರ್ಚ್ 14

ಇವತ್ತು ಖುಷಿ. ಮಗಳ ಫೋನಿನಲ್ಲಿ ನಮ್ಮ ಹಳೆಯ ಹಾಡುಗಳನ್ನು ಕೆದಕಿದೆವು. ಪ್ರತಿ ಹಾಡಿನ ಕೆಳಗೂ ಹೆಸರುಗಳಿವೆ. ಹಾಡಿದವರು, ಬರೆದವರು, ರಾಗ ಹಾಕಿದವರು, ಶಬ್ದ ಹೊಂದಿಸಿದವರು. ನಮ್ಮ ಸುದ್ದಿಯೇ ಇಲ್ಲ. ಆಮೇಲೆ ನಾವು ಹಿಂದೆಂದೋ ಹಾಡಿದ್ದ ಒಂದು ದೋಣಿಯ ಹಾಡು ಸಿಕ್ಕಿತು. ಮೂರನೆಯ ಚರಣದ ಕೊನೆಯಲ್ಲಿ ಎಲ್ಲರೂ "ಓ" ಎಂದು ಎಳೆದು ನಿಲ್ಲಿಸುತ್ತಾರೆ. ನಿಲ್ಲಿಸಿದ ಮೇಲೂ ಒಂದು ದನಿ, ತೆಳ್ಳಗೆ, ಮೇಲೆ, ಕ್ಷಣಕಾಲ ನಿಂತಿರುತ್ತದೆ. ಮಗಳು ಫೋನು ಕೆಳಗಿಟ್ಟು ನನ್ನ ಮುಖ ನೋಡಿದಳು. "ಅಮ್ಮ, ಇದು ನೀನು."

ನಾನೇ. ಕಲ್ಲಿನಲ್ಲಿ ಕೊರೆದಷ್ಟು ಸ್ಪಷ್ಟ. ಕಾನೂನು ಕೇಳುತ್ತಿರುವುದೂ ಅದನ್ನೇ ತಾನೇ? ಉಳಿದವರು ಅವರವರ ದಾರಿ ನೋಡಿಕೊಳ್ಳಲಿ. ನಾನು ಸಮಿತಿಗೆ ಬೇರೆಯಾಗಿಯೇ ಅರ್ಜಿ ಹಾಕುತ್ತೇನೆ. ಆ ಹಾಡಿಗೆ ನಾನಿದ್ದೆ ಎಂದು ಯಜಮಾನಿಯ ಸಹಿ ಬೇಕಾಗುತ್ತದೆ. ಹಾಕದೆ ಎಲ್ಲಿಗೆ ಹೋಗುತ್ತಾಳೆ ನೋಡೋಣ.

ಮಾರ್ಚ್ 15

ಹೋಗಬಾರದಿತ್ತು.

ದೊಡ್ಡಕ್ಕನ ಮನೆಗೆ ಹೋಗಿ ಹಾಡು ಕೇಳಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು, ಇನ್ನೊಂದು ಸಲ ಹಾಕಿಸಿಕೊಂಡಳು. ಆಮೇಲೆ, "ಆ ದಿನ ನನಗೆ ನೆನಪಿದೆ ಕಣೇ. ನೀನು ನನ್ನ ಕೈ ನೋಡ್ಲಿಲ್ಲ. ಎಲ್ಲರೂ ನಿಲ್ಲಿಸಿದ ಮೇಲೆ ನಿಲ್ಲಿಸಿದೆ. ಇನ್ನೊಂದು ಸಲ ಹಾಡೋಕೆ ಸ್ಟುಡಿಯೋ ಸಮಯ ಮುಗಿದುಹೋಗಿತ್ತು" ಎಂದಳು.

ನನ್ನ ಬಾಯಿ ಕಟ್ಟಿದೆ ಎಂದು ಗೊತ್ತಿದ್ದೂ ಹೀಗೆ ಹೇಳುವುದಾ? ಕಾಗದದ ಮೇಲೆ ಗೀಚಲು ಹೊರಟೆ, ಸಿಟ್ಟಿಗೆ ಪೆನ್ಸಿಲ್ಲೇ ಮುರಿಯಿತು. ಅವಳು ಅದನ್ನು ನೋಡಲೂ ಇಲ್ಲ. ಏನೋ ಯೋಚಿಸುತ್ತ ಕೂತವಳು ಇದ್ದಕ್ಕಿದ್ದಂತೆ ನಗತೊಡಗಿದಳು. ಈ ಮಸೂದೆಯ ಪ್ರಕಾರ ತಪ್ಪು ಹಾಡಿದವರಿಗೆ ಹಕ್ಕಿದೆ, ಸರಿಯಾಗಿ ಹಾಡಿದವರಿಗೆ ಇಲ್ಲ ಎಂದಳು. ನಗು ನಿಂತ ಮೇಲೆ ನನ್ನ ಅರ್ಜಿಯನ್ನು ಎಳೆದುಕೊಂಡು ಸಹಿ ಹಾಕಿದಳು. "ನಿನ್ನ ದನಿ ಹೌದು. ಸುಳ್ಳೇನಲ್ಲ. ಕಳಿಸು."

ಬೈದಿದ್ದರೆ ವಾಸಿಯಿತ್ತು.

ಮಾರ್ಚ್ 20

ಅರ್ಜಿ ಇನ್ನೂ ಕಳಿಸಿಲ್ಲ. ಅಂಚೆ ಪೆಟ್ಟಿಗೆ ದೂರ. ಎದುರು ರಸ್ತೆಯ ತುದಿಯಲ್ಲಿದೆ, ಈ ಬಿಸಿಲಲ್ಲಿ ಯಾರು ಹೋಗುತ್ತಾರೆ.

ಮಾರ್ಚ್ 24

ಮನೆಯಲ್ಲಿ ಕೂತು ಕೂತು ತಲೆ ಚಿಟ್ಟು ಹಿಡಿದು ಅಭ್ಯಾಸದ ಕೋಣೆಗೆ ಹೋದೆ. ಬಡಗಿಯ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲ ತುಂಬ ಮರದ ಪುಡಿ, ಕೆಳಗೆ ಗರಗಸ ನಿಂತಾಗ ಮಾತ್ರ ಹಾಡಲು ಸಾಧ್ಯ. ಬಾಗಿಲ ಬಳಿಯ ಬೆಂಚಿನ ಮೇಲೆ ಕೂತೆ.

ಒಂದು ವಿಚಿತ್ರ ಗೊತ್ತಾಯಿತು. ಇಷ್ಟು ವರ್ಷ ಹಾಡಿದರೂ ನಮ್ಮ ಮೇಳವನ್ನು ನಾನು ಎದುರಿಗೆ ಕೂತು ಕೇಳಿಯೇ ಇರಲಿಲ್ಲ. ಒಳಗೆ ನಿಂತಾಗ ಕೇಳುವುದು ನಮ್ಮ ದನಿ, ಪಕ್ಕದವಳ ಕೆಮ್ಮು, ಹಿಂದಿನವಳ ಬಳೆ. ಹೊರಗೆ ಕೂತರೆ ಏಳು ಹೆಂಗಸರಿಲ್ಲ. ಒಂದೇ ಏನೋ ಇದೆ, ಕೋಣೆಯ ಗೋಡೆಗಳಿಂದಲೇ ಬರುತ್ತಿರುವಂತೆ. ಮೇಳದಲ್ಲಿ ನಾವು ಉದ್ದಜಡೆ ಎಂದು ಕರೆಯುವವಳ ದನಿ ಒರಟು, ಟೀಚರಮ್ಮ ಎಂದು ಕರೆಯುವವಳದು ಮೂಗಿನದು, ಅದೆಲ್ಲ ನನಗೆ ಗೊತ್ತಲ್ಲ. ಹುಡುಕಿದೆ, ಸಿಗಲಿಲ್ಲ.

ಆಮೇಲೆ ದೊಡ್ಡಕ್ಕನ ಎಡಗೈ ನೋಡುತ್ತ ಕೂತೆ. ಉದ್ದದ ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಹಾಡು ಕಡಿಯುತ್ತದೆ. ಅದಕ್ಕೇ ಒಬ್ಬೊಬ್ಬರಿಗೂ ಒಂದು ಸರದಿ. ಒಬ್ಬಳು ಉಸಿರೆಳೆಯುವಾಗ ಇನ್ನೊಬ್ಬಳು ಎಳೆ ಹಿಡಿದಿರಬೇಕು. ದೊಡ್ಡಕ್ಕ ಒಬ್ಬಿಬ್ಬರಿಗೆ ಒಂದೊಂದು ಬೆರಳು ಗೊತ್ತು ಮಾಡಿದ್ದಾರೆ, ಅದು ಎದ್ದರೆ ಉಸಿರು, ಮಡಿಸಿದರೆ ಹಿಡಿತ. ನಾನು ಇಷ್ಟು ದಿನ ನನ್ನ ಬೆರಳನ್ನು ಮಾತ್ರ ನೋಡಿದ್ದೆ. ಇವತ್ತು ಎಲ್ಲ ಬೆರಳುಗಳನ್ನೂ ನೋಡಿದೆ. ತಾವೂ ಹಾಡುತ್ತ, ಏಳು ಜನರ ಉಸಿರನ್ನು ಲೆಕ್ಕ ಇಟ್ಟುಕೊಂಡು, ಯಾರಿಗೆ ನೆಗಡಿ, ಯಾರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಾರೆ ಎಂದು ನೋಡಿ ಸರದಿ ಬದಲಿಸುತ್ತಾರೆ. ಎಲ್ಲರೂ ಉಸಿರೆಳೆದ ಮೇಲೆ ಅವರದು. ಕೆಲವು ಸಾಲುಗಳಲ್ಲಿ ಅವರಿಗೆ ಸರದಿಯೇ ಬರುವುದಿಲ್ಲ.

ಕಣ್ಣಲ್ಲಿ ನೀರು ಬಂತು. ಮರದ ಪುಡಿ ಇರಬೇಕು.

ಏಪ್ರಿಲ್ 3

ಸಮಿತಿಯಿಂದ ಒಂಬತ್ತನೇ ತಾರೀಖಿಗೆ ಕರೆ ಬಂದಿದೆ. ದೊಡ್ಡಕ್ಕ ಮಸೂದೆಯನ್ನು ಪೆನ್ಸಿಲ್ ಹಿಡಿದು ಪರೀಕ್ಷೆಗೆ ಓದುವ ಹಾಗೆ ಓದುತ್ತಿದ್ದಾರೆ. ಅರ್ಥವಾಗದ ಸಾಲುಗಳಿಗೆ ಸಮಿತಿಯ ಕರಡು ಬರೆಯುವ ಅಧಿಕಾರಿಣಿಗೇ ಫೋನು ಮಾಡುತ್ತಾರಂತೆ. ಆಕೆಯೂ ಬೇಸರವಿಲ್ಲದೆ ವಿವರಿಸುತ್ತಾರಂತೆ. ಸರಕಾರಿ ಕಚೇರಿಯಲ್ಲಿ ಇಂಥವರೂ ಇರುತ್ತಾರೆ.

ಅಲ್ಲಿ ಹಾಡಿ ತೋರಿಸುವ ಯೋಚನೆ. ಮೇಲಿನ ಸ್ವರ ಹಿಡಿಯುವವರು ಉದ್ದಜಡೆ ಮತ್ತು ನಾನು, ಇಬ್ಬರೇ. ಅವಳು ಉಸಿರೆಳೆಯುವಾಗ ನಾನು, ನಾನು ಎಳೆಯುವಾಗ ಅವಳು. ನನ್ನ ಸರದಿಯನ್ನು ಈಗ ಟೀಚರಮ್ಮನಿಗೆ ಕೊಟ್ಟಿದ್ದಾರೆ. ಚೆನ್ನಾಗಿಯೇ ಹಾಡುತ್ತಾಳೆ. ಅಷ್ಟೇನೂ ಚೆನ್ನಾಗಿಲ್ಲ.

ಏಪ್ರಿಲ್ 9

ಮರೆಯುವ ಮೊದಲು ಎಲ್ಲವನ್ನೂ ಬರೆದುಬಿಡಬೇಕು.

ಉದ್ದನೆಯ ಮೇಜಿನ ಆಚೆ ಸಮಿತಿಯವರು. ಅಧ್ಯಕ್ಷರು ವಯಸ್ಸಾದವರು, ತಲೆ ತಗ್ಗಿಸಿ ಕಾಗದ ನೋಡುತ್ತಲೇ ಕೇಳಿಸಿಕೊಳ್ಳುವ ಅಭ್ಯಾಸ. ಮೂಲೆಯಲ್ಲಿ ದಪ್ಪ ಕನ್ನಡಕದ ಕರಡು ಅಧಿಕಾರಿಣಿ. ಈಚೆ ನಾವು, ಮತ್ತು ಹಾಡುಗಳನ್ನು ಫೋನಿಗೆ ಹರಿಸುವ ಕಂಪನಿಯ ವಕೀಲರು.

ವಕೀಲರು ಮೊದಲು ಮಾತಾಡಿದರು. ಒರಟಾಗಿ ಏನೂ ಹೇಳಲಿಲ್ಲ, ಕೋರಸ್‌ನವರ ಬಗ್ಗೆ ತಮಗೆ ಗೌರವವಿದೆ ಎಂದರು. ಆದರೆ ಗುಂಪಿನಲ್ಲಿ ಎಂಟು ಜನ ಹಾಡಿದರೂ ಏಳು ಜನ ಹಾಡಿದರೂ ಕೇಳುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಇದ್ದರೂ ಇಲ್ಲದಿದ್ದರೂ ಗೊತ್ತಾಗದವರಿಗೆ ಹಕ್ಕು ಕೊಡುವುದು ಹೇಗೆ ಎಂದು ಕೇಳಿದರು. ಕೇಳಿದ್ದು ನ್ಯಾಯವಾಗಿಯೇ ಇದೆ ಎನ್ನಿಸಿತು ನನಗೆ.

ಅಧ್ಯಕ್ಷರು ನಡುದಾರಿಯೊಂದನ್ನು ಹುಡುಕಿದರು. ಮೇಳವನ್ನು ನಡೆಸುವವರನ್ನು ಮಾತ್ರ ಗಾಯಕರೆಂದು ಸೇರಿಸಿದರೆ ಆಗದೇ ಎಂದರು. ವಕೀಲರೂ ತಲೆಯಾಡಿಸಿದರು. ಅಂದರೆ ದೊಡ್ಡಕ್ಕನಿಗೆ ಹಕ್ಕು, ನಮಗಿಲ್ಲ. ನಾನು ಅವರ ಮುಖ ನೋಡಿದೆ. ಅಲ್ಲಿ ಯೋಚನೆಯ ಒಂದು ಗೆರೆಯೂ ಮೂಡಲಿಲ್ಲ.

"ಬೇಡ ಸಾರ್. ನಾನೊಬ್ಬಳೇ ಹಾಡಿದ್ರೆ ಅದು ಆ ಹಾಡಾಗಲ್ಲ. ಹಾಡಿ ತೋರಿಸ್ತೀವಿ, ಕೇಳಿ."

ಮೇಳದವರೆಲ್ಲ ಎದ್ದು ನಿಂತರು. ನಾನು ಕುರ್ಚಿಯಲ್ಲೇ ಇದ್ದೆ. ದೊಡ್ಡಕ್ಕ ನನ್ನತ್ತ ತಿರುಗಿ, ಕೂತ್ಕೊಂಡು ಏನು ಮಾಡ್ತೀಯ, ಬಾ ನಿಂತ್ಕೋ ಎಂದರು. ಹೋಗಿ ನನ್ನ ಜಾಗದಲ್ಲಿ ನಿಂತೆ. ಎಡವಟ್ಟಾಗಿದ್ದು ಅಲ್ಲೇ. ಅಭ್ಯಾಸದಲ್ಲೆಲ್ಲ ನಾನು ಬೆಂಚಿನ ಮೇಲಿದ್ದೆ. ಇವತ್ತು ಸಾಲಿನಲ್ಲಿದ್ದೆ.

ಹಾಡು ಶುರುವಾಯಿತು. ಆ ಕೋಣೆಯ ಮರದ ಗೋಡೆಗಳಿಗೆ ತಾಗಿ ಎಷ್ಟು ಚೆನ್ನಾಗಿ ತುಂಬಿಕೊಂಡಿತು ಅಂದರೆ ನೀರು ಇಡಲು ಬಂದವನು ಅಲ್ಲೇ ನಿಂತ. ಉದ್ದದ ಸಾಲು ಬಂತು. ಉದ್ದಜಡೆ ಪಕ್ಕದಲ್ಲಿ ನನ್ನನ್ನು ಕಂಡವಳು, ಎಂದಿನ ನಂಬಿಕೆಯಿಂದ ಎಂದಿನ ಜಾಗದಲ್ಲಿ ಉಸಿರೆಳೆದಳು. ಟೀಚರಮ್ಮನೂ ನನ್ನನ್ನು ನೋಡಿದಳು, ಹೊಸ ಪಾಠ ಮರೆತು ಅವಳೂ ಉಸಿರೆಳೆದಳು. ನಾನೋ, ದೊಡ್ಡಕ್ಕನ ಕೈಯಲ್ಲಿ ನನ್ನ ಬೆರಳು ಏಳುವ ಮೊದಲೇ ಎದೆ ತುಂಬಿಕೊಂಡು ಬಾಯಿ ತೆರೆದಿದ್ದೆ. ದನಿ ಬಿಡುವಂತಿರಲಿಲ್ಲ. ಹಲ್ಲು ಕಚ್ಚಿ ಮುಚ್ಚಿಕೊಂಡೆ.

ಮೇಲಿನ ಸ್ವರ ಬಿದ್ದುಹೋಯಿತು. ಹಾಡಿನಲ್ಲಿ ಒಂದು ತೂತು. ಉದ್ದಜಡೆ ಗಾಬರಿಯಿಂದ ಎತ್ತಿಕೊಂಡಳು, ಆದರೆ ಬಿದ್ದದ್ದು ಬಿತ್ತು. ಹಾಡು ಹೇಗೋ ಮುಗಿಯಿತು. ಟೀಚರಮ್ಮನ ಮುಖ ಬಿಳುಚಿಕೊಂಡಿತ್ತು. ಅಲ್ಲೇ ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ದೊಡ್ಡಕ್ಕನ ಇಷ್ಟು ದಿನದ ಶ್ರಮವನ್ನೆಲ್ಲ ನಾನು ಸುಮ್ಮನೆ ನಿಂತೇ ಹಾಳು ಮಾಡಿದ್ದೆ.

ಅಧ್ಯಕ್ಷರು ಮೊದಲ ಸಲ ಕಾಗದದಿಂದ ತಲೆ ಎತ್ತಿದ್ದರು.

"ನಡುವೆ ಏನಾಯ್ತಮ್ಮ ಅಲ್ಲಿ? ಏನೋ ಬಿದ್ದ ಹಾಗಾಯ್ತಲ್ಲ."

ದೊಡ್ಡಕ್ಕ ನನ್ನ ಹೆಗಲ ಮೇಲೆ ಕೈಯಿಟ್ಟರು. "ಅಲ್ಲಿ ಇವಳು ಹಾಡಬೇಕಿತ್ತು ಸಾರ್. ಗಂಟಲು ಸರಿಯಿಲ್ಲ, ಡಾಕ್ಟರು ಬಾಯಿ ಬಿಡಬೇಡ ಅಂದಿದಾರೆ. ಅಭ್ಯಾಸದ ಮೇಲೆ ಎಲ್ಲರೂ ಇವಳಿಗೆ ಜಾಗ ಬಿಟ್ಟುಬಿಟ್ಟರು."

"ಇವರ ದನಿ ಇಂಥದ್ದು ಅಂತ ನೀವು ಹಾಡಿನಲ್ಲಿ ತೋರಿಸಬಲ್ಲಿರಾ?"

"ಹಾಡುವಾಗ ಆಗಲ್ಲ ಸಾರ್. ಹಾಗೆ ತೋರಿಸೋ ಹಾಗಿದ್ರೆ ಅವಳು ಕೆಲಸ ಕೆಡಿಸಿದಾಳೆ ಅಂತಲೇ ಅರ್ಥ. ಇವಳು ಹಾಡದೆ ಇದ್ದಾಗ ಇವಳ ಜಾಗ ಎಲ್ಲಿತ್ತು ಅಂತ ನಾನು ಹೇಳಲಿಲ್ಲ, ಏನೋ ಬಿತ್ತು ಅಂತ ನೀವೇ ತೋರಿಸಿದ್ರಿ."

ವಕೀಲರು, ಒಳ್ಳೆಯ ಮನುಷ್ಯ, ತಮ್ಮ ಕಡತದ ದಾರ ಕಟ್ಟಿಕೊಂಡರು. ಮೂಲೆಯಲ್ಲಿ ಕರಡು ಅಧಿಕಾರಿಣಿ ತಮ್ಮ ಕಾಗದದ ಮೇಲೆ ಒಂದು ಸಾಲನ್ನು ಉದ್ದಕ್ಕೆ ಹೊಡೆದುಹಾಕುವುದು ನನಗೆ ಕಂಡಿತು.

ಹೊರಗೆ ಬಂದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು, ಟೀಚರಮ್ಮ ಅತ್ತಳು, ಉದ್ದಜಡೆ ತನ್ನದೇ ತಪ್ಪೆಂದು ವಾದಿಸಿದಳು. ದೊಡ್ಡಕ್ಕ ಮೆಟ್ಟಿಲ ಮೇಲೆ ಕೂತು ಉಸಿರು ಹದಕ್ಕೆ ತಂದುಕೊಳ್ಳುತ್ತಿದ್ದರು. ನಾನು ಪಕ್ಕದಲ್ಲಿ ಕೂತೆ. ಎಂಥ ಹೆಂಗಸು ಇವರು. ಬಿದ್ದುಹೋದ ಹಾಡನ್ನು ಅಷ್ಟೆತ್ತರಕ್ಕೆ ಎತ್ತಿ ನಿಲ್ಲಿಸಿದರಲ್ಲ, ಅದೂ ನಾಟಕವಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಏಪ್ರಿಲ್ 10

ಕಪಾಟು ಗುಡಿಸುವಾಗ ಆ ಅರ್ಜಿ ಸಿಕ್ಕಿತು. ಹಿಂಬದಿ ಖಾಲಿಯಿತ್ತು. ಮಗಳು ಗಣಿತ ಮಾಡಲು ತೆಗೆದುಕೊಂಡಳು.

ಮೇ 2

ಡಾಕ್ಟರು ದಿನಕ್ಕೆ ಸ್ವಲ್ಪ ಮಾತಿಗೆ ಅಪ್ಪಣೆ ಕೊಟ್ಟರು. ಗಂಟು ಕರಗಿದೆ. ಮೇಲಿನ ಸ್ವರ ಮಾತ್ರ ಇನ್ನು ಬರಲಾರದು, ಬಲವಂತ ಮಾಡಿದರೆ ಉಳಿದದ್ದೂ ಹೋಗುತ್ತದೆ ಎಂದರು. ನಮ್ಮವರು ಬಸ್ ನಿಲ್ದಾಣದಲ್ಲಿ ಎಲ್ಲರೆದುರು ನನ್ನ ಕೈ ಹಿಡಿದುಕೊಂಡರು. ತಮಾಷೆ ಮಾಡಲಿಲ್ಲ. ಅದಕ್ಕೇ ಅಳು ಬಂತು.

ಮೇ 3

ದೊಡ್ಡಕ್ಕನಿಗೆ ಹೇಳಿದೆ. ಅವರು ಒಂದೇ ಮಾತಿನಲ್ಲಿ ಮುಗಿಸಿದರು. "ಕೆಳಗಿನ ಸ್ವರಕ್ಕೆ ಬಾ. ನನ್ನ ಪಕ್ಕದಲ್ಲೇ ಇರು. ನನಗೂ ವಯಸ್ಸಾಯ್ತು, ಉಸಿರು ಸಾಲದು."

ಜೂನ್ 30

ಕೆಳಗಿನ ಸ್ವರ ನನಗೆ ಹೊಸದು. ನೆಲ ಒರೆಸಿದ ಹಾಗೆ, ಬಗ್ಗಿ ಮಾಡುವ ಕೆಲಸ. ಈಗ ತಿವಿತವೂ ಕಡಿಮೆ. ಇವತ್ತು ಒಂದೇ ಸಲ ತಿವಿದರು, ಅದೂ ನಾನು ತೀರ ಒಳಗೆ ಹೋದೆನೆಂದು.

ಜುಲೈ 17

ಮಸೂದೆ ಸದನದಲ್ಲಿ ಪಾಸಾಯಿತು. ಕರಡು ಅಧಿಕಾರಿಣಿಯೇ ದೊಡ್ಡಕ್ಕನಿಗೆ ಫೋನು ಮಾಡಿ ಆ ಸಾಲನ್ನು ಓದಿ ಹೇಳಿದರಂತೆ. ಗಾಯಕರೆಂದರೆ, "ಧ್ವನಿಮುದ್ರಣವು ಪೂರ್ಣಗೊಳ್ಳಲು ಯಾರ ದನಿ ಅಗತ್ಯವೋ ಅವರೆಲ್ಲರೂ." ಗುರುತಿಸುವ ಮಾತೇ ಇಲ್ಲ. ಎಷ್ಟು ಚಿಕ್ಕ ಸಾಲು, ಎಷ್ಟು ಜನ ಅದರಲ್ಲಿ ನಿಲ್ಲಬಹುದು. ಅದನ್ನು ಬರೆದ ಆಕೆಯ ಹೆಸರು ಕಾನೂನಿನಲ್ಲಿ ಎಲ್ಲೂ ಇರುವುದಿಲ್ಲವಂತೆ. ಅವರೂ ನಮ್ಮ ಪೈಕಿಯೇ ಆದರು.

ಹಳೆಯ ಹಾಡುಗಳಿಗೆ ಜೊತೆಗೆ ಹಾಡಿದ ಇಬ್ಬರ ಸಾಕ್ಷಿ ಸಾಕು. ಹೊಸ ಹಾಡುಗಳಿಗೆ ಬೇರೆ ಕ್ರಮ. ಮುದ್ರಣಕ್ಕೆ ಮೊದಲು ಪ್ರತಿಯೊಬ್ಬರೂ ಮೈಕಿನ ಮುಂದೆ ಒಬ್ಬೊಬ್ಬರೇ ನಿಂತು ತಮ್ಮ ಹೆಸರು ಹೇಳಬೇಕು. ಅದು ಹಾಡಿನ ಜೊತೆಗೇ ಉಳಿಯುತ್ತದೆ.

ಆಗಸ್ಟ್ 19

ಹೊಸ ಕಾನೂನಿನ ಮೊದಲ ಮುದ್ರಣ ಇವತ್ತು.

ಸ್ಟುಡಿಯೋದಲ್ಲಿ ಮೊದಲು ದೊಡ್ಡಕ್ಕನನ್ನೇ ಕರೆದರು. ಒಂದೇ ಮೈಕು, ಅದರ ಮುಂದೆ ಅವರೊಬ್ಬರೇ. ನಾವು ಗೋಡೆಗೆ ಒರಗಿ ನಿಂತಿದ್ದೆವು. ಗಾಜಿನ ಆಚೆಯಿಂದ ರೆಕಾರ್ಡಿಸ್ಟ್ ಹೆಸರು ಹೇಳಿ ಎಂದ. ಕೆಂಪು ದೀಪ ಹತ್ತಿತು.

ಅವರು ಬಾಯಿ ತೆರೆದರು, ಮಾತು ಬರಲಿಲ್ಲ. ಸದನದ ಸಮಿತಿಯ ಎದುರೂ ತಡವರಿಸದ ಹೆಂಗಸು. ನೀರು ಕುಡಿದರು, ಸೆರಗು ಸರಿಮಾಡಿಕೊಂಡರು, ಮತ್ತೆ ದೀಪ ಹತ್ತಿತು, ಮತ್ತೆ ಇಲ್ಲ. ಆಗ ನನಗೆ ಹೊಳೆಯಿತು. ನಮಗೆಲ್ಲ ಜಾಗ ಹುಡುಕಿಕೊಟ್ಟ ಇವರು ಜೀವಮಾನದಲ್ಲಿ ಒಂದು ಸಲವೂ ಮೈಕಿನ ಮುಂದೆ ಒಬ್ಬರೇ ಬಾಯಿ ತೆರೆದವರಲ್ಲ. ಗಾಬರಿಯಾಗಿ ಸುತ್ತ ನೋಡಿದರು, ನಾವು ಅವರ ಕಣ್ಣಿಗೆ ಬಿದ್ದೆವು. ಅಭ್ಯಾಸಬಲ, ಎಡಗೈ ತಾನಾಗಿ ಮೇಲೆದ್ದಿತು, ಬೆರಳು ಬಿಚ್ಚಿತು.

ನಾವೆಲ್ಲ ಉಸಿರೆಳೆದೆವು. ಬೆರಳು ಮಡಚಿಕೊಂಡಿತು.

"ದೊಡ್ಡಕ್ಕ" ಎಂದೆವು ಎಂಟು ಜನ, ಒಟ್ಟಿಗೆ, ಅವರೂ ಸೇರಿ. ಅದರಲ್ಲಿ ಒಂದು ದನಿಯೂ ಹೊರಗೆ ಬಂದಿರಲಿಲ್ಲ.

ರೆಕಾರ್ಡಿಸ್ಟ್ ತಲೆ ಚಚ್ಚಿಕೊಂಡ. ಹಾಗೆಲ್ಲ ಆಗುವುದಿಲ್ಲ, ಒಬ್ಬರೇ ಹೇಳಬೇಕು, ಪೂರ್ತಿ ಹೆಸರು ಹೇಳಬೇಕು ಎಂದ. ನಮಗೆ ನಗು ತಡೆಯಲಾಗಲಿಲ್ಲ. ದೊಡ್ಡಕ್ಕನೂ ನಕ್ಕರು, ನಗುತ್ತ ಕಣ್ಣೊರೆಸಿಕೊಂಡರು, ನಗು ಇನ್ನೂ ಪೂರ್ತಿ ಇಳಿಯದಿರುವಾಗಲೇ ತಮ್ಮ ಹೆಸರು ಹೇಳಿದರು. ಮೆತ್ತಗೆ, ಒಬ್ಬರೇ. ದನಿ ಚೂರು ನಡುಗಿತು. ಇಷ್ಟು ವರ್ಷ ಮೊಣಕೈಯಳತೆ ದೂರದಲ್ಲಿ ನಿಂತು ಹಾಡಿದ್ದೇನೆ, ಅವರ ದನಿಯನ್ನು ಬೇರೆಯಾಗಿ ಕೇಳಿದ್ದು ಇವತ್ತೇ ಮೊದಲು.

ತುಂಬ ಒಳ್ಳೆಯ ದನಿ.